ಕಣ್ಣಿನ ಹುಣ್ಣು: ಆ ಬಿಳಿ ಚುಕ್ಕೆಯಲ್ಲಿ ಏನಿದೆ?

ಎಲ್ಲರಿಗೂ ನಮಸ್ಕಾರ. ಕಣ್ಣಿಗೆ ಭತ್ತದ ಹೊಟ್ಟು ಬಡಿದಿರುತ್ತದೆ, ಇಲ್ಲವೇ ಕಾಂಟ್ಯಾಕ್ಟ್ ಲೆನ್ಸ್ ತೆಗೆಯದೇ ರಾತ್ರಿ ಮಲಗಿರುತ್ತಾರೆ. ಒಂದೆರಡು ದಿನದಲ್ಲಿ ಕಣ್ಣು ಕೆಂಪಗಾಗಿ, ಬೆಳಕು ನೋಡೋಕೂ ಆಗದಷ್ಟು ನೋವು ಶುರುವಾಗಿ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸುತ್ತದೆ. ಅದು ಬ್ಯಾಕ್ಟೀರಿಯಾದ ಗುಂಪು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಅಲ್ಲಿ ಜಾಸ್ತಿ ಇರುವುದು ನಮ್ಮದೇ ರಕ್ತದ ಬಿಳಿ ಕಣಗಳು.

ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ರೋಗಿಗಳ ಹುಣ್ಣಿನಿಂದ ಕೆರೆದು ತೆಗೆದ ಸ್ಯಾಂಪಲ್ ಪರೀಕ್ಷಿಸಿದಾಗ, ಅಲ್ಲಿಗೆ ಬಂದು ಸೇರಿದ ಜೀವಕೋಶಗಳಲ್ಲಿ 90%ಗಿಂತ ಜಾಸ್ತಿ ಬಿಳಿ ಕಣಗಳದ್ದೇ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳೇ ಇದ್ದವು. ಸೋಂಕು ನ್ಯುಮೋಕಾಕಸ್ ಬ್ಯಾಕ್ಟೀರಿಯಾದ್ದಿರಲಿ, ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ್ದಿರಲಿ, ಚಿತ್ರ ಒಂದೇ.

ಆದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲವಲ್ಲ, ಇವು ಬಂದಿದ್ದು ಎಲ್ಲಿಂದ? ಕಾರ್ನಿಯಾದ ಮೇಲ್ಪದರದ ಕೋಶಗಳು ಬ್ಯಾಕ್ಟೀರಿಯಾದ ಬಾಲವನ್ನು, ಅದರ ಹೊರಗೋಡೆಯ ಅಂಶವನ್ನು ಗುರುತಿಸಿ ಇಂಟರ್‌ಲ್ಯೂಕಿನ್-8 ಎಂಬ ರಾಸಾಯನಿಕ ಬಿಡುತ್ತವೆ. ಕರಿಗುಡ್ಡೆ ಮತ್ತು ಬಿಳಿಗುಡ್ಡೆ ಸೇರುವ ಅಂಚಿನ ರಕ್ತನಾಳಗಳಿಂದ ನ್ಯೂಟ್ರೋಫಿಲ್‌ಗಳು ಹೊರಬಂದು, ಆ ಜಾಡು ಹಿಡಿದು, ಕಾರ್ನಿಯಾದ ಕೊಲಾಜನ್ ಎಂಬ ಪ್ರೋಟೀನ್ ಎಳೆಗಳ ಸಂದಿಯಲ್ಲಿ ತೂರಿಕೊಂಡು ಒಳಗೆ ಬರುತ್ತವೆ.

ಬಂದವು ಬ್ಯಾಕ್ಟೀರಿಯಾವನ್ನು ನುಂಗುತ್ತವೆ. ಕೆಲವು ತಮ್ಮದೇ ಡಿಎನ್‌ಎಯನ್ನು ಹೊರಗೆ ಚೆಲ್ಲಿ, ಜೇಡನ ಬಲೆಯಂತೆ ಹರಡಿ ಅವನ್ನು ಹಿಡಿಯುತ್ತವೆ. ಎಲಾಸ್ಟೇಸ್‌ನಂಥ ಪ್ರೋಟೀನ್ ಕರಗಿಸುವ ಕಿಣ್ವಗಳನ್ನೂ ಬಿಡುತ್ತವೆ. ತೊಂದರೆ ಇರುವುದೇ ಇಲ್ಲಿ. ಆ ಕಿಣ್ವಕ್ಕೆ ಬ್ಯಾಕ್ಟೀರಿಯಾ ಯಾವುದು, ನಮ್ಮ ಕಣ್ಣು ಯಾವುದು ಅಂತ ಗೊತ್ತಾಗುವುದಿಲ್ಲ. ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಅದರ ಕೊಲಾಜನ್ ಎಳೆಗಳು ನೀಟಾಗಿ ಜೋಡಿಸಿಕೊಂಡಿರುವುದರಿಂದಲೇ ಅದು ಪಾರದರ್ಶಕ. ಎಳೆಗಳು ಕರಗಿದರೆ ವಾಸಿಯಾದ ಮೇಲೂ ಬಿಳಿ ಕಲೆ ಉಳಿಯುತ್ತದೆ. ಇನ್ನೂ ಜಾಸ್ತಿಯಾದರೆ ತೂತೇ ಬೀಳುತ್ತದೆ.

ಹಾಗಾದರೆ ಬಿಳಿ ಕಣಗಳನ್ನೇ ತಡೆದುಬಿಟ್ಟರೆ ಆಯ್ತಲ್ಲ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಡ್ರಾಪ್ಸ್ ಹಾಕಬಹುದು ಅಲ್ವಾ? ಇದನ್ನು 500 ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ, ಅವರಲ್ಲಿ ಬಹುಪಾಲು ದಕ್ಷಿಣ ಭಾರತದವರು. ಫಲಿತಾಂಶ 2012ರಲ್ಲಿ ಬಂತು. ಮೊದಲು 48 ಗಂಟೆ ಆಂಟಿಬಯಾಟಿಕ್ ಹಾಕಿ, ಆಮೇಲೆ ಅದರ ಜೊತೆಗೇ ಸ್ಟೀರಾಯ್ಡ್ ಕೊಟ್ಟರೂ ಮೂರು ತಿಂಗಳ ನಂತರ ಒಟ್ಟಾರೆ ದೃಷ್ಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಶುರುವಿನಲ್ಲೇ ದೃಷ್ಟಿ ತೀರಾ ಕೆಟ್ಟಿದ್ದವರಿಗೆ ಸ್ವಲ್ಪ ಅನುಕೂಲವಾದಂತೆ ಕಂಡಿತು. ಇದೆಲ್ಲ ಬ್ಯಾಕ್ಟೀರಿಯಾ ಅಂತ ಲ್ಯಾಬ್‌ನಲ್ಲಿ ಖಚಿತವಾದ ಮೇಲಿನ ಮಾತು. ನಮ್ಮ ಕಡೆ ಫಂಗಸ್ ಹುಣ್ಣೂ ಸಾಮಾನ್ಯ, ಅದಕ್ಕೆ ಸ್ಟೀರಾಯ್ಡ್ ಬಿದ್ದರೆ ಕಣ್ಣೇ ಹೋಗಬಹುದು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಸುಮ್ನೆ ಯಾವುದೋ ಡ್ರಾಪ್ಸ್ ತಂದು ಹಾಕಿಕೊಳ್ಳುವುದನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಇನ್ನೊಂದು ದಾರಿಯಿದೆ. ಬಿಳಿ ಕಣಗಳನ್ನು ಅವುಗಳ ಪಾಡಿಗೆ ಬಿಟ್ಟು ಕಿಣ್ವವನ್ನು ಮಾತ್ರ ಹಿಡಿಯುವುದು. ಕಾರ್ನಿಯಾ ಕರಗುವ ಲಕ್ಷಣ ಕಂಡಾಗ ಕೆಲವು ಡಾಕ್ಟರುಗಳು ಡಾಕ್ಸಿಸೈಕ್ಲಿನ್ ಮಾತ್ರೆ ಬರೆಯುವುದು ಇದಕ್ಕೇ. ಅದು ಆಂಟಿಬಯಾಟಿಕ್ ಹೌದು, ಆದರೆ ಇಲ್ಲಿ ಕೊಡುವುದು ಮುಖ್ಯವಾಗಿ ಕೊಲಾಜನ್ ಕರಗಿಸುವ ಕಿಣ್ವಗಳ ಕೈ ಕಟ್ಟಲು.