ದಪ್ಪ ಕೇಬಲ್ ಅಂದರೆ ಹೈ ವೋಲ್ಟೇಜ್ ಕೇಬಲ್ ಅಲ್ಲ

ನಮಸ್ಕಾರ. ಹೈ ವೋಲ್ಟೇಜ್ ಬ್ಯಾಟರಿಗೆ ಕೇಬಲ್ ಆರಿಸುವಾಗ ಹೆಚ್ಚಿನವರು ನೋಡುವುದು ದಪ್ಪ ಮಾತ್ರ. "35 ಸ್ಕ್ವೇರ್ ಎಂಎಂ ಇದೆ, ಸಾಕು ಬಿಡಿ" ಅನ್ನುತ್ತಾರೆ. ದಪ್ಪ ಕರೆಂಟಿನ ಲೆಕ್ಕ. ವೋಲ್ಟೇಜ್ ತಡೆಯುವುದು ತಾಮ್ರದ ಮೇಲಿರುವ ಇನ್ಸುಲೇಷನ್.

(ತೆರೆಯ ಮೇಲೆ: ಕೇಬಲ್ ಮೈಮೇಲಿನ ಅಚ್ಚು, ತೀರಾ ಹತ್ತಿರದಿಂದ)

ಈ ವೆಲ್ಡಿಂಗ್ ಕೇಬಲ್ ನೋಡಿ. ದಪ್ಪಗಿದೆ, ಬೇಕಾದ ಹಾಗೆ ಬಾಗುತ್ತದೆ. ಮೈಮೇಲೆ ಎಚ್01ಎನ್2-ಡಿ ಅಂತ ಅಚ್ಚಿದೆ. ಆ 01 ಅಂದರೆ 100 ವೋಲ್ಟ್. ಅಷ್ಟೇ.

ಈಗ ಬ್ಯಾಟರಿ. 16 ಸೆಲ್‌ಗಳ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಮಾಡ್ಯೂಲಿನ ಲೇಬಲ್ ಮೇಲೆ 51.2 ವೋಲ್ಟ್ ಅಂತಿರುತ್ತದೆ. ಪೂರ್ತಿ ಚಾರ್ಜ್ ಆದಾಗ ಸೆಲ್‌ಗೆ 3.65, ಅಂದರೆ 58.4. ಇಂಥ 10 ಮಾಡ್ಯೂಲ್ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಹಾಕಿದರೆ 584 ವೋಲ್ಟ್. ಲೇಬಲ್ ಬಿಡಿ, ಈ ಅಂಕಿ ಹಿಡಿಯಿರಿ.

"ಒಂಬತ್ತನೇ ಮಾಡ್ಯೂಲಿಗೂ ಹತ್ತನೆಯದಕ್ಕೂ ನಡುವೆ ಒಂದಡಿ ತುಂಡು ತಾನೇ? ಅದಕ್ಕೆ 100 ವೋಲ್ಟ್ ಕೇಬಲ್ ಸಾಕಲ್ವಾ?" ಸಾಕಾಗಲ್ಲ. ಇನ್ಸುಲೇಷನ್ ಇರುವುದು ತಾಮ್ರಕ್ಕೂ ಮಾಡ್ಯೂಲ್ ಇಟ್ಟಿರುವ ರ್ಯಾಕಿನ ಕಬ್ಬಿಣಕ್ಕೂ ನಡುವೆ. ಕೆಳಗೆಲ್ಲೋ ನೆಗೆಟಿವ್ ವೈರ್ ಉಜ್ಜಿ ಉಜ್ಜಿ ರ್ಯಾಕಿಗೆ ತಾಗಿತು ಅನ್ನಿ. ಬ್ಯಾಟರಿಗೆ ಅರ್ಥಿಂಗ್ ಇಲ್ಲದಿದ್ದರೆ ಫ್ಯೂಸ್ ಹೋಗಲ್ಲ, ಇಂಥ ಸೋರಿಕೆ ಹಿಡಿಯುವ ಇನ್ಸುಲೇಷನ್ ಮಾನಿಟರ್ ಇಲ್ಲದಿದ್ದರೆ ನಿಮಗೆ ಗೊತ್ತೂ ಆಗಲ್ಲ. ಎಲ್ಲ ಎಂದಿನಂತೆ ಓಡುತ್ತಿರುತ್ತದೆ. ಆದರೆ ಈಗ ಆ ಒಂದಡಿ ತುಂಡಿಗೂ ರ್ಯಾಕಿಗೂ ನಡುವೆ ಸುಮಾರು 525 ವೋಲ್ಟ್! ಅಲ್ಲೂ ಇನ್ಸುಲೇಷನ್ ಸೋತರೆ ಒಂಬತ್ತು ಮಾಡ್ಯೂಲ್ ಒಟ್ಟಿಗೆ ಶಾರ್ಟ್. ಎಸಿಯಲ್ಲಿ ಕರೆಂಟ್ ಪ್ರತಿ ಸೈಕಲ್‌ನಲ್ಲಿ ಎರಡು ಸಲ ಸೊನ್ನೆಗಿಳಿಯುತ್ತದೆ, ಕಿಡಿ ಆರಲು ಒಂದು ಅವಕಾಶ. ಡಿಸಿಯಲ್ಲಿ ಆ ಬಿಡುವೇ ಇಲ್ಲ.

ಹಾಗಾಗಿ ಎಷ್ಟೇ ಗಿಡ್ಡ ತುಂಡಾದರೂ ಪೂರ್ತಿ ಸೀರೀಸ್ ವೋಲ್ಟೇಜ್ ತಡೆಯಬೇಕು. 584ಕ್ಕೆ 600 ಅಂದರೆ ತೀರಾ ಅಂಚಿನ ಲೆಕ್ಕ. ನಾನಾದರೆ 1000 ಅಥವಾ 1500 ವೋಲ್ಟ್ ಡಿಸಿ ಅಂತ ಸ್ಪಷ್ಟವಾಗಿ ರೇಟಿಂಗ್ ಇರುವುದನ್ನೇ ತೆಗೆದುಕೊಳ್ಳುತ್ತೇನೆ.

ಉಲ್ಟಾ ತಪ್ಪೂ ಇದೆ. ಸೋಲಾರ್ ಕೇಬಲ್ 1500 ವೋಲ್ಟ್ ಡಿಸಿ ತಡೆಯುತ್ತದೆ ಅಂತ 6 ಸ್ಕ್ವೇರ್ ಎಂಎಂ ತಂತಿಯಲ್ಲಿ ಸದಾ 100 ಆಂಪ್ ಹರಿಸಿದರೆ ಮಿತಿ ಮೀರಿ ಬಿಸಿಯಾಗುತ್ತದೆ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು.

ಇನ್ನು ಬಣ್ಣ. ಎಲೆಕ್ಟ್ರಿಕ್ ಕಾರುಗಳಲ್ಲಿ 60 ವೋಲ್ಟ್ ಡಿಸಿಗಿಂತ ಮೇಲಿನ ಕೇಬಲ್‌ಗೆ ಕಿತ್ತಳೆ ಬಣ್ಣ. ಅದು ಮುಟ್ಟುವವರಿಗೆ ಎಚ್ಚರಿಕೆ ಅಷ್ಟೇ. ವೆಲ್ಡಿಂಗ್ ಕೇಬಲ್ ಕೂಡ ಕಿತ್ತಳೆ ಬಣ್ಣದಲ್ಲಿ ಸಿಗುತ್ತದೆ!

(ತೆರೆಯ ಮೇಲೆ: ಬ್ಲೇಡ್, ಒಂದೇ ಒಂದು ಎಳೆ)

ಕೇಬಲ್ ತುದಿಗೆ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ) ಒತ್ತುವ ಮೊದಲು ಒಂದು ಎಳೆ ಕೆರೆದು ನೋಡಿ. ಹೊರಗೆ ಬಿಳಿ, ಒಳಗೆ ಕೆಂಪು ಬಂದರೆ ತವರ ಲೇಪಿಸಿದ ತಾಮ್ರ, ಒಳ್ಳೆಯದೇ. ಹೊರಗೆ ಕೆಂಪು, ಒಳಗೆ ಬಿಳಿಯಾದರೆ ತಾಮ್ರ ಹೊದಿಸಿದ ಅಲ್ಯೂಮಿನಿಯಂ. ಅದೇ ದಪ್ಪಕ್ಕೆ ಬಿಸಿ ಜಾಸ್ತಿ. ತಾಮ್ರ ಅಂತ ಮಾರಿದ್ದರೆ ವಾಪಸ್ ಕೊಟ್ಟುಬಿಡಿ.