ವಿಮಾನ ಸಿದ್ಧವಿದೆ, ಪೈಲಟ್ ಇಲ್ಲ: ಕೊನೆ ಗಳಿಗೆಯಲ್ಲಿ ಬದಲಿ ಸಿಬ್ಬಂದಿ ಬರುವುದು ಹೇಗೆ?

[ದೃಶ್ಯ: ದಾವಣಗೆರೆ ಬಳಿ ಹೆದ್ದಾರಿ, ನಕ್ಷೆಯಲ್ಲಿ ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರು]

ನಿರೂಪಣೆ: ನಮಸ್ಕಾರ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಪ್ರಯಾಣಿಕರ ವಿಮಾನ ಸಂಚಾರವಿಲ್ಲ. ದಾವಣಗೆರೆಯವರು ವಿಮಾನ ಹತ್ತಬೇಕಾದರೆ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗಬೇಕು, ಇಲ್ಲವೇ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿನ ದಾರಿ ಹಿಡಿಯಬೇಕು. ಅಷ್ಟು ದೂರ ಬಂದ ಮೇಲೆ, ಸಿಬ್ಬಂದಿ ಇಲ್ಲದ ಕಾರಣ ವಿಮಾನ ತಡವಾಗಲಿದೆ ಎಂಬ ಪ್ರಕಟಣೆ ಕಿವಿಗೆ ಬಿದ್ದರೆ ಸಿಟ್ಟು ಬರುವುದು ಸಹಜ. ವಿಮಾನ ಕಣ್ಣೆದುರೇ ನಿಂತಿದೆ, ಆಕಾಶವೂ ತಿಳಿಯಾಗಿದೆ. ಇನ್ನೊಬ್ಬ ಪೈಲಟ್‌ರನ್ನು ಕರೆಸಲು ಇಷ್ಟು ಹೊತ್ತೇಕೆ?

[ದೃಶ್ಯ: ಬಸ್ ಡಿಪೋ, ನಂತರ ಎಟಿಆರ್ ಮತ್ತು ಏರ್‌ಬಸ್ ವಿಮಾನಗಳ ಕಾಕ್‌ಪಿಟ್]

ನಮ್ಮ ಬಸ್ ಡಿಪೋದಲ್ಲಿ ಒಬ್ಬ ಚಾಲಕರು ರಜೆ ಹಾಕಿದರೆ, ಅಲ್ಲಿಯೇ ಇರುವ ಇನ್ನೊಬ್ಬರಿಗೆ ಆ ರೂಟಿನ ಡ್ಯೂಟಿ ಹಾಕಬಹುದು. ಪೈಲಟ್‌ಗಳ ವಿಷಯದಲ್ಲಿ ಅದು ಸಾಧ್ಯವಿಲ್ಲ. ಶಿವಮೊಗ್ಗ–ಬೆಂಗಳೂರು ನಡುವೆ 2023ರ ಆಗಸ್ಟ್ 31ರಂದು ಸಂಚಾರ ಆರಂಭಿಸಿದ್ದು ಎಟಿಆರ್ ಎಂಬ, ಪ್ರೊಪೆಲರ್ ಇರುವ ಚಿಕ್ಕ ವಿಮಾನ. ಏರ್‌ಬಸ್ ಎ320 ಹಾರಿಸುವ ಕ್ಯಾಪ್ಟನ್ ಎಷ್ಟೇ ಅನುಭವಿಯಾಗಿದ್ದರೂ, ಎಟಿಆರ್‌ಗೆಂದೇ ಪಡೆದ ಪ್ರತ್ಯೇಕ ಅರ್ಹತೆ ಇಲ್ಲದಿದ್ದರೆ ಅದರ ಪೈಲಟ್ ಆಸನದಲ್ಲಿ ಕೂರುವಂತಿಲ್ಲ. ಅರ್ಹತೆ ಇದ್ದವರೂ ಹಿಂದಿನ 90 ದಿನಗಳಲ್ಲಿ ಕನಿಷ್ಠ ಮೂರು ಬಾರಿ ವಿಮಾನವನ್ನು ಮೇಲೇರಿಸಿ ಇಳಿಸಿರಬೇಕು, ವೈದ್ಯಕೀಯ ಪ್ರಮಾಣಪತ್ರದ ಅವಧಿ ಮುಗಿದಿರಬಾರದು. ಗಗನಸಖಿಯರ ಲೆಕ್ಕವೂ ಕಟ್ಟುನಿಟ್ಟಾದದ್ದೇ: ಪ್ರತಿ 50 ಆಸನಗಳಿಗೆ ಒಬ್ಬರಂತೆ, 186 ಆಸನಗಳ ವಿಮಾನಕ್ಕೆ ನಾಲ್ವರು ಬೇಕು.

[ದೃಶ್ಯ: ಕಾರ್ಯಾಚರಣೆ ನಿಯಂತ್ರಣ ಕೇಂದ್ರದ ಪರದೆಗಳು]

ಹೀಗೆ ಒಬ್ಬರು ಬರಲಾರರು ಎಂಬ ಸುದ್ದಿ ಮೊದಲು ತಲುಪುವುದು ವಿಮಾನಯಾನ ಸಂಸ್ಥೆಯ ನಿಯಂತ್ರಣ ಕೇಂದ್ರಕ್ಕೆ. ಜ್ವರ ಬಂದಿರಬಹುದು, ಹಾರಾಟಕ್ಕೆ ಮುನ್ನ ನಡೆಯುವ ಉಸಿರಾಟದ ಪರೀಕ್ಷೆಯಲ್ಲಿ ಮದ್ಯದ ಅಂಶ ಕಂಡಿರಬಹುದು, ಆದರೆ ಇವೆರಡಕ್ಕಿಂತ ನಾವು ಗಮನಿಸಬೇಕಾದ ಕಾರಣ, ಬೆಳಗಿನಿಂದ ಹಲವು ಹಾರಾಟ ಮಾಡಿ ಬಂದ ಸಿಬ್ಬಂದಿಗೆ ನಿಯಮದ ಪ್ರಕಾರ ಇರುವ ಗರಿಷ್ಠ ಕೆಲಸದ ಅವಧಿಯೇ ಮುಗಿದುಹೋಗುವುದು. ಬೆಳಿಗ್ಗೆ ಎಲ್ಲೋ ಮಂಜು ಮುಸುಕಿ ಎರಡು ಗಂಟೆ ತಡವಾದರೆ, ಆ ಎರಡು ಗಂಟೆಯೂ ಅವರ ಲೆಕ್ಕಕ್ಕೆ ಸೇರುತ್ತದೆ, ಅದರ ಪೆಟ್ಟು ಸಂಜೆಯ ಹಾರಾಟದ ಮೇಲೆ ಬೀಳುತ್ತದೆ.

ಇಂತಹ ಸಂದರ್ಭಕ್ಕೆಂದೇ ಸಂಸ್ಥೆಗಳು ಕೆಲವರನ್ನು ಸ್ಟ್ಯಾಂಡ್‌ಬೈ ಎಂದು ಕಾಯ್ದಿರಿಸುತ್ತವೆ. ಕೆಲವರು ಸಮವಸ್ತ್ರ ಧರಿಸಿ ವಿಮಾನ ನಿಲ್ದಾಣದಲ್ಲೇ ಕಾಯುತ್ತಾರೆ. ಕಾದ ಆ ಸಮಯವೂ ಕೆಲಸವೆಂದೇ ಲೆಕ್ಕ. ಉಳಿದವರು ಮನೆಯಲ್ಲಿದ್ದು, ಕರೆ ಬಂದ ಕೂಡಲೇ ಹೊರಡಬೇಕು. ಆದರೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಮನೆ ಇರುವವರು ಸಂಚಾರ ದಟ್ಟಣೆಯ ಹೊತ್ತಿನಲ್ಲಿ ದೇವನಹಳ್ಳಿ ತಲುಪುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ಎಂಬುದನ್ನು ಆ ದಾರಿಯಲ್ಲಿ ಹೋದವರಿಗೆ ವಿವರಿಸಬೇಕಾಗಿಲ್ಲ. ಸ್ಟ್ಯಾಂಡ್‌ಬೈ ಸಿಬ್ಬಂದಿಯೂ ಸಾಲದಿದ್ದರೆ, ತಡವಾಗಿ ಹೊರಡಬೇಕಾದ ಬೇರೆ ವಿಮಾನದ ಸಿಬ್ಬಂದಿಯನ್ನು ಇತ್ತ ಹೊರಳಿಸಿ, ಆ ವಿಮಾನಕ್ಕೆ ಇನ್ನಾರನ್ನೋ ಹುಡುಕುತ್ತಾರೆ. ಅದೂ ಆಗದಿದ್ದರೆ ಬೇರೆ ಊರಿನ ಪೈಲಟ್‌ರನ್ನು ಪ್ರಯಾಣಿಕರ ಸೀಟಿನಲ್ಲಿ ಕೂರಿಸಿ ಕರೆತರುತ್ತಾರೆ, ಅವರು ಹಾಗೆ ಪ್ರಯಾಣಿಸಿದ ಸಮಯವೂ ಅವರ ಕೆಲಸದ ಅವಧಿಯನ್ನು ಕಡಿಮೆ ಮಾಡುತ್ತದೆ.

ಶಿವಮೊಗ್ಗದಂತಹ ನಿಲ್ದಾಣಗಳಿಗೆ ಹೆಚ್ಚು ತೊಂದರೆಯಾಗುವುದು ಇಲ್ಲಿಯೇ. ಹೆಚ್ಚುವರಿ ಸಿಬ್ಬಂದಿ ಇರುವುದು ದೊಡ್ಡ ನಗರಗಳಲ್ಲಿ. ಬೆಂಗಳೂರಿನಿಂದ ಬಂದ ವಿಮಾನ ಇಲ್ಲಿ ನಿಂತಾಗ ಸಿಬ್ಬಂದಿಯೊಬ್ಬರು ಅಸ್ವಸ್ಥರಾದರೆ, ಬದಲಿಗೆ ಬರುವವರು ಮುಂದಿನ ವಿಮಾನದಲ್ಲೋ ರಸ್ತೆಯಲ್ಲೋ ಬರಬೇಕು.

[ದೃಶ್ಯ: ವಿಶ್ರಾಂತಿ ನಿಯಮಗಳ ಸರಳ ಚಿತ್ರ]

ಹಾಗಾದರೆ ನಿಯಮವನ್ನು ಸ್ವಲ್ಪ ಸಡಿಲಿಸಬಾರದೇ? ಬಾರದು ಎಂಬುದೇ ನಮ್ಮ ದೃಢವಾದ ಅಭಿಪ್ರಾಯ. ದಣಿದ ಕಣ್ಣುಗಳು ರಾತ್ರಿ ವಿಮಾನ ಇಳಿಸುವಾಗ ತಪ್ಪು ಮಾಡಬಹುದು, ಆ ತಪ್ಪಿಗೆ ತೆರಬೇಕಾದದ್ದು ಜೀವಗಳ ಬೆಲೆ. ಅನಿರೀಕ್ಷಿತ ಸಂದರ್ಭದಲ್ಲಿ ಅವಧಿಯನ್ನು ಮಿತವಾಗಿ ಹೆಚ್ಚಿಸಿಕೊಳ್ಳುವ ಅವಕಾಶ ಕ್ಯಾಪ್ಟನ್‌ಗೆ ಇದೆ, ಆದರೆ ಅದು ಅವರ ವಿವೇಚನೆಗೆ ಬಿಟ್ಟದ್ದು. ಕೌಂಟರಿನ ಮುಂದೆ ನಿಂತು ಕೂಗಾಡುವುದರಿಂದ ಬದಲಾಗುವಂಥದ್ದಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ಪ್ರಕಟಿಸಿದ ಪರಿಷ್ಕೃತ ನಿಯಮಗಳು ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ವೇಳೆಯ ಕೆಲಸದ ಅವಧಿಯಲ್ಲಿ ವಿಮಾನ ಇಳಿಸಬಹುದಾದ ಗರಿಷ್ಠ ಸಂಖ್ಯೆಯನ್ನು 6ರಿಂದ 2ಕ್ಕೆ ತಗ್ಗಿಸಿದವು. ಅವು 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಆ ಡಿಸೆಂಬರ್‌ನಲ್ಲಿ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದುಪಡಿಸಬೇಕಾಯಿತು, ಸರ್ಕಾರ ಕೆಲವು ನಿಯಮಗಳಿಗೆ ತಾತ್ಕಾಲಿಕ ವಿನಾಯಿತಿ ನೀಡಬೇಕಾಯಿತು. ಮುಂಚಿತವಾಗಿಯೇ ತಿಳಿದಿದ್ದ ಬದಲಾವಣೆಗೆ ತಕ್ಕಷ್ಟು ಸಿಬ್ಬಂದಿಯನ್ನು ಸಿದ್ಧಪಡಿಸಿಕೊಳ್ಳುವುದು ಸಂಸ್ಥೆಯ ಹೊಣೆಯಾಗಿತ್ತು. ಸ್ಟ್ಯಾಂಡ್‌ಬೈ ಸಿಬ್ಬಂದಿಗೆ ಮಾಡುವ ವೆಚ್ಚವನ್ನು ವ್ಯರ್ಥವೆಂದು ಎಣಿಸುವುದು ಅಪಾಯಕಾರಿ ಲೆಕ್ಕಾಚಾರ.

[ದೃಶ್ಯ: ಟಿಕೆಟ್, ನಿಲ್ದಾಣದ ಕೌಂಟರ್]

ಇನ್ನು ಪ್ರಯಾಣಿಕರ ಹಕ್ಕು. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಅಥವಾ ಹೆಚ್ಚು ತಡವಾದರೆ, ಸಮಯಕ್ಕೆ ಸರಿಯಾಗಿ ಚೆಕ್-ಇನ್ ಆದವರಿಗೆ ಊಟ, ಉಪಾಹಾರ ಕೊಡಬೇಕು. ಆರು ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನವನ್ನೋ ಪೂರ್ತಿ ಹಣವನ್ನೋ ಕೇಳಬಹುದು. ಶಿವಮೊಗ್ಗ ಅಥವಾ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ವಿದೇಶದ ವಿಮಾನ ಹಿಡಿಯುವವರು, ಸಾಧ್ಯವಾದಷ್ಟೂ ಎರಡೂ ಹಾರಾಟಗಳನ್ನು ಒಂದೇ ಟಿಕೆಟ್‌ನಲ್ಲಿ ಕಾಯ್ದಿರಿಸಬೇಕು; ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಮಾಡುವ ಹೊಣೆ ವಿಮಾನಯಾನ ಸಂಸ್ಥೆಯದು. ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಹಿಂದಿನ ದಿನವೇ ಬೆಂಗಳೂರು ತಲುಪುವುದು ಒಳ್ಳೆಯದು.