ಎಮ್ಮೆ ಕರೆದಿರಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಸಾಹಿತ್ಯದಲ್ಲಿ ಸಾವು ಪಾತ್ರಗಳನ್ನು ಹೇಗೆ ರೂಪಿಸುತ್ತದೆ ಎಂಬುದನ್ನು ಕುರಿತು ಸ್ವಲ್ಪ ಹೊತ್ತು ಮಾತನಾಡಬೇಕು. ಇಷ್ಟು ಹೊತ್ತಿನಲ್ಲಿ ಕುರುಕ್ಷೇತ್ರದ ಒಂದು ಮೂಲೆಯನ್ನೂ ದಾಟಲಾಗುವುದಿಲ್ಲ. ಹಾಗಾಗಿ ನನಗೆ ಪ್ರಿಯವಾದ ಒಂದೇ ಎಳೆಯನ್ನು ಹಿಡಿದುಕೊಂಡು ಹೊರಡುತ್ತೇನೆ.

ನಮ್ಮಲ್ಲಿ ಬಹಳ ಮಂದಿ ಸಾವಿನ ವಿಚಾರವನ್ನು ಮೊದಲು ಕೇಳಿದ್ದು ಶಾಲೆಯ ಮಣೆಯ ಮೇಲೆ ಕುಳಿತು, ಗೋವಿನ ಹಾಡಿನಲ್ಲಿ. ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬರುತ್ತಾಳೆ. ‘ಆರ ಮೊಲೆಯನು ಕುಡಿಯಲಮ್ಮ’ ಎಂದು ಕರು ಕೇಳುವಾಗ ಇಡೀ ತರಗತಿ ಮೂಗು ಒರೆಸಿಕೊಳ್ಳುತ್ತಿತ್ತು. ಆದರೆ ದೊಡ್ಡವನಾದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲಲ್ಲ. ತಾಯಿ ಉಳಿದ ಹಸುಗಳ ಕಡೆಗೆ ತಿರುಗಿ ಹೇಳುವ ಮಾತು. ‘ಮುಂದೆ ಬಂದರೆ ಹಾಯದಿರಿ, ಹಿಂದೆ ಬಂದರೆ ಒದೆಯದಿರಿ.’ ಇನ್ನು ಸ್ವಲ್ಪ ಹೊತ್ತಿಗೆ ಹುಲಿಯ ಬಾಯಿಗೆ ಬೀಳಲಿರುವವಳಿಗೆ ಇರುವ ಚಿಂತೆ ನೋಡಿ: ತಬ್ಬಲಿ ಕರು ಯಾರ ಮುಂದೆ ಹೋದರೆ ಕೊಂಬು ತಾಗುತ್ತದೆ, ಯಾರ ಹಿಂದೆ ಹೋದರೆ ಗೊರಸು ತಾಗುತ್ತದೆ. ದೊಡ್ಡಿಯಲ್ಲಿ ಬಾಳಿದವಳಿಗೆ ಮಾತ್ರ ಹೊಳೆಯುವ ಮಾತು ಅದು. ಪುಣ್ಯಕೋಟಿಯ ಸತ್ಯಸಂಧತೆಯನ್ನು ಮೇಷ್ಟರು ಬಿಡಿಸಿ ಬಿಡಿಸಿ ಹೇಳಿದರು. ಅವಳು ತಾಯಿ ಎಂಬುದು ನನಗೆ ಗೊತ್ತಾದದ್ದು ಈ ಒದೆಯ ಲೆಕ್ಕಾಚಾರದಲ್ಲಿ.

ನನಗೆ ಹನ್ನೊಂದು ವರ್ಷವಾಗಿದ್ದಾಗ ನಮ್ಮ ಅಜ್ಜ ತೀರಿಕೊಂಡರು. ನಸುಕಿನಲ್ಲಿ. ನಡುಮನೆಯಲ್ಲಿ ಅವರನ್ನು ಮಲಗಿಸಿ, ತಲೆಯ ಬಳಿ ದೀಪ ಹಚ್ಚಿಟ್ಟು, ನೆಂಟರಿಷ್ಟರಿಗೆ ಹೇಳಿಕಳಿಸುವ ಗಡಿಬಿಡಿ ನಡೆದಿತ್ತು. ಅಲ್ಲಿಯವರೆಗೆ ಕಂಬಕ್ಕೊರಗಿ ಕುಳಿತಿದ್ದ ಅಜ್ಜಿ ತಟ್ಟನೆ ತಲೆಯೆತ್ತಿ, ‘ಎಮ್ಮೆ ಕರೆದಿರಾ?’ ಎಂದು ಕೇಳಿದರು. ಅಳುತ್ತಿದ್ದವರೆಲ್ಲ ಒಂದು ಗಳಿಗೆ ಸುಮ್ಮನಾದರು. ಎಂಥ ಕಲ್ಲು ಮನಸ್ಸು ಈಕೆಯದು ಎಂದು ನನಗೆ ಅನ್ನಿಸಿತು. ಆ ಅನಿಸಿಕೆ ಬಹಳ ವರ್ಷ ನನ್ನಲ್ಲಿ ಉಳಿಯಿತು. ಅದನ್ನು ಕಳೆದದ್ದು ಪುಸ್ತಕಗಳು. ಮನೆಯವರು ಯಾರೂ ಅಲ್ಲ.

ಮೊದಲನೆಯದು ರನ್ನನ ‘ಗದಾಯುದ್ಧ’. ಸಾವಿರ ವರ್ಷದ ಹಿಂದಿನ ಕಾವ್ಯ. ಹೆಸರಿಗೆ ಅದು ‘ಸಾಹಸಭೀಮವಿಜಯ’. ಭೀಮನೇ ನಾಯಕ; ಕವಿಗೆ ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಆ ಭೀಮನಿಗೆ ಹೋಲಿಸಿದೆ. ಆದರೂ ಓದಿ ಮುಗಿಸಿದವರ ಮನಸ್ಸಿನಲ್ಲಿ ಕೂರುವವನು ದುರ್ಯೋಧನ. ಹೀಗೇಕೆ ಎಂದು ಕೇಳಿದರೆ ನಾನು ಒಂದೇ ಒಂದು ಭಾಗವನ್ನು ತೋರಿಸುತ್ತೇನೆ. ಯುದ್ಧ ಹೆಚ್ಚುಕಡಿಮೆ ಮುಗಿದಿದೆ. ದುರ್ಯೋಧನ ಸಂಜಯನೊಡನೆ ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು ರಣರಂಗದ ನಡುವೆ ಕಾಲ್ನಡಿಗೆಯಲ್ಲಿ ಹೊರಟಿದ್ದಾನೆ. ಹನ್ನೊಂದು ಅಕ್ಷೋಹಿಣಿಯ ಒಡೆಯ ಈಗ ಆನೆಗಳ ಹೆಣ ಬಳಸಿಕೊಂಡು, ನೆತ್ತರ ಕೆಸರಿನಲ್ಲಿ ಹೆಜ್ಜೆ ಹುಡುಕಿಕೊಂಡು ನಡೆಯಬೇಕು. ದಾರಿಯಲ್ಲಿ ಒಂದೊಂದೇ ಗುರುತಿನ ಮುಖ ಎದುರಾಗುತ್ತದೆ.

ದ್ರೋಣನ ಹೆಣದ ಮುಂದೆ ಅವನು ಶಿಷ್ಯ. ಅಭಿಮನ್ಯುವಿನ ಹೆಣದ ಮುಂದೆ? ಅದು ಹಗೆಯ ಮಗನ ಹೆಣ. ಅನೇಕರು ಸೇರಿ ಒಬ್ಬನನ್ನು ಕೊಂದ ಪಾಪದ ಹೆಣ. ಅಲ್ಲಿ ದುರ್ಯೋಧನ ಕೈಮುಗಿದು, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ತೋರಿ ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಗೆದ್ದು ಬಾಳಲೆಂದು ಇಷ್ಟೆಲ್ಲ ಮಾಡಿದವನ ಬಾಯಲ್ಲಿ ಮೊದಲ ಸಲ ಒಳ್ಳೆಯ ಸಾವಿನ ಆಸೆ ಬಂದದ್ದು ಶತ್ರುವಿನ ಮಗನ ಎದುರಿಗೆ.

ಆಮೇಲೆ ಸ್ವಂತ ಮಗ ಲಕ್ಷಣಕುಮಾರ. ಇಲ್ಲಿ ರನ್ನ ಬರೆದ ಪದ್ಯವನ್ನು ಕನ್ನಡ ಓದಿದವರು ಮರೆಯಲಾರರು. ತಂದೆಗೆ ಮಗ ತರ್ಪಣ ಕೊಡುವುದು ಉಚಿತ; ಅದು ಕೆಟ್ಟು, ನಿನಗೆ ನಾನು ಕೊಡುವಂತಾಯಿತಲ್ಲ ಮಗನೇ, ‘ಕ್ರಮ ವಿಪರ್ಯಯಂ ಮಾಡುವುದೇ’ ಎನ್ನುತ್ತಾನೆ. ಸರದಿ ತಪ್ಪಿಸಿಬಿಟ್ಟೆಯಲ್ಲ ಎಂಬ ತಕರಾರು. ಎದೆ ಬಡಿದುಕೊಂಡು ಹೊರಳಾಡುವ ಶೋಕ ಇದಲ್ಲ. ಬೊಗಸೆಯಲ್ಲಿ ಹಿಡಿದ ನೀರು ಯಾರ ಕೈಯಿಂದ ಯಾರಿಗೆ ಬೀಳಬೇಕಿತ್ತು ಎಂಬ ಪ್ರಶ್ನೆ. ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಹೋಗಿ ಕುಳಿತವರಿಗೆ ಗೊತ್ತು, ಅಲ್ಲಿ ಮುದುಕರು ಇದೇ ಮಾತನ್ನು ಮತ್ತೆ ಮತ್ತೆ ಆಡುತ್ತಿರುತ್ತಾರೆ: ನಾನು ಹೋಗಬೇಕಿತ್ತು. ಅದನ್ನೇ ಹತ್ತನೆಯ ಶತಮಾನದ ಕವಿ ಒಂದು ಕಂದಪದ್ಯದಲ್ಲಿ ಇಟ್ಟಿದ್ದಾನೆ, ಅದೂ ಒಬ್ಬ ಖಳನ ಬಾಯಲ್ಲಿ.

ದುಶ್ಶಾಸನನನ್ನೂ ದಾಟಿ ಕೊನೆಗೆ ಕರ್ಣ. ‘ನೀನುಳ್ಳೊಡುಂಟು ರಾಜ್ಯಂ’ ಎಂದು ಶುರುವಾಗುತ್ತದೆ. ನೀನಿದ್ದರೆ ಪಟ್ಟ, ನೀನಿದ್ದರೆ ಬೆಳ್ಗೊಡೆ, ನೀನಿಲ್ಲದೆ ಇವೆಲ್ಲ ಇವೆಯೇ ಅಂಗಾಧಿಪತೀ. ಇದಾದರೂ ಯಾವ ಗೆಳೆಯನಾದರೂ ಆಡಬಹುದಾದ ಮಾತು. ಇನ್ನೊಂದು ಪದ್ಯದಲ್ಲಿ ಅವನ ಬಾಯಿಂದ ಒಂದು ಗುಟ್ಟು ಹೊರಬೀಳುತ್ತದೆ. ನೀನು ಯಾರ ಮಗನೆಂದು ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು. ನನಗೂ ಗೊತ್ತು ಎನ್ನುತ್ತಾನೆ! ಎಂದರೆ ಪಾಂಡವರ ಹಿರಿಯಣ್ಣನನ್ನು ಪಾಂಡವನೆಂದು ತಿಳಿದೇ ಇವನು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಆ ಸ್ನೇಹವನ್ನು ಏನೆಂದು ಕರೆಯುವುದು? ನಂಬಿಕೆಯೆ, ಕಪಟವೆ, ಎರಡೂ ಕೂಡಿದ್ದೆ? ರನ್ನ ತೀರ್ಪು ಕೊಡುವುದಿಲ್ಲ. ಕರ್ಣ ಬದುಕಿರುವಷ್ಟು ಕಾಲ ಈ ಮಾತು ಹೊರಗೆ ಬರುವ ಹಾಗಿರಲಿಲ್ಲ. ಹೆಣದ ಮುಂದೆಯೇ ಬರಬೇಕಿತ್ತು.

ಈ ದಾರಿ ನಡೆದು ಮುಗಿಸಿದವನು ಹೊರಟ ದುರ್ಯೋಧನನಾಗಿ ಉಳಿದಿಲ್ಲ. ಸಂಧಿ ಮಾಡಿಕೋ ಎಂದು ಹಿರಿಯರು ಹೇಳಿದರೆ, ನೆಲಕ್ಕಾಗಿ ಹೋರಾಡುತ್ತೇನೆಂದು ತಿಳಿದಿರೇನು, ‘ಛಲಕಿರಿವೆಂ’ ಎನ್ನುತ್ತಾನೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ತನಗೆ ಪಾಳುನೆಲ, ಇದರೊಡನೆ ಇನ್ನು ಬಾಳುವುದುಂಟೆ ಎಂದು ಕೇಳುತ್ತಾನೆ. ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದವನು ಇವನೇ ತಾನೆ? ಅದೇ ನೆಲ ಅವನ ಕಣ್ಣಿಗೆ ಹಾಳು ಬಿದ್ದಿದೆ. ಯುದ್ಧ ಮಾತ್ರ ನಿಲ್ಲುವುದಿಲ್ಲ, ಅದರ ಕಾರಣ ಬದಲಾಗಿದೆ. ಸಾವು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ಹೇಳುವ ಕಥೆಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ರನ್ನ ಅಂಥ ಕಥೆ ಹೇಳಲಿಲ್ಲ. ದುರ್ಯೋಧನ ಒಳ್ಳೆಯವನಾಗಲಿಲ್ಲ, ನಮಗೆ ಹತ್ತಿರದವನಾದ.

ಈಗ ನೇರವಾಗಿ ಇಪ್ಪತ್ತನೆಯ ಶತಮಾನಕ್ಕೆ. ಅನಂತಮೂರ್ತಿಯವರ ‘ಸಂಸ್ಕಾರ’, 1965. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಮದ್ಯ ಮಾಂಸ ಯಾವುದನ್ನೂ ಬಿಟ್ಟವನಲ್ಲ. ಆದರೂ ಅವನಿಗೆ ಬಹಿಷ್ಕಾರ ಹಾಕಿಲ್ಲ. ಹಾಗಾದರೆ ದಹನ ಮಾಡುವವರು ಯಾರು? ಅದು ತೀರ್ಮಾನವಾಗುವ ತನಕ ಯಾರ ಮನೆಯಲ್ಲೂ ಊಟವಿಲ್ಲ. ಹೆಣ ಬಿದ್ದಿದೆ, ಪ್ಲೇಗು ಹಬ್ಬಿ ಮನೆಗಳಲ್ಲಿ ಇಲಿ ಬೀಳುತ್ತಿವೆ, ಮಾಡಿನ ಮೇಲೆ ಹದ್ದು ಬಂದು ಕೂರುತ್ತಿವೆ.

ಈ ಕಾದಂಬರಿಯ ಬಗ್ಗೆ ಬಂದ ವಿಮರ್ಶೆಯಲ್ಲಿ ಮುಕ್ಕಾಲು ಪಾಲು ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ಯರನ್ನು ಕುರಿತದ್ದು. ಇರಲಿ, ಅವರೇ ಕೇಂದ್ರ. ಆದರೆ ಸಾವು ಪಾತ್ರಗಳನ್ನು ತೂಗುವ ತಕ್ಕಡಿ ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕಾದರೆ ನಾರಣಪ್ಪನ ಜೊತೆ ಬಾಳಿದ ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಆಚಾರ್ಯರ ಮುಂದೆ ಇಡುವ ಗಳಿಗೆಯನ್ನು ನೋಡಿ. ಸಂಸ್ಕಾರದ ಖರ್ಚಿಗೆ ಇರಲಿ ಎಂದು ಅವಳು ಇಟ್ಟದ್ದು. ಅಲ್ಲಿಯವರೆಗೆ ನನ್ನಿಂದಾಗದು ನಿನ್ನಿಂದಾಗದು ಎನ್ನುತ್ತಿದ್ದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರಿಗೆ ಒಮ್ಮೆಲೇ ಸತ್ತವನೊಡನೆ ಸಂಬಂಧ ನೆನಪಾಗುತ್ತದೆ. ಚಿನ್ನ ಹೆಣದ ಜಾತಿಯನ್ನೇ ತಿದ್ದಿಬಿಟ್ಟಿತು. ಆಚಾರ್ಯರೋ ತಾಳೆಗರಿಯಲ್ಲಿ ಉತ್ತರ ಹುಡುಕಿ ಸಿಗದೆ, ಮಾರುತಿಯ ಗುಡಿಯಲ್ಲಿ ಪ್ರಸಾದ ಕೇಳಿ ಸಿಗದೆ, ಕತ್ತಲಲ್ಲಿ ಮರಳುವಾಗ ಕಾಡಿನಲ್ಲಿ ಚಂದ್ರಿಯನ್ನು ಸೇರುತ್ತಾರೆ.

ಮುಂದೇನಾಯಿತು? ಚಂದ್ರಿ ಮನೆಗೆ ಹೋದಳು. ಅಹಮದ್ ಬ್ಯಾರಿಯನ್ನು ಕರೆತಂದಳು. ರಾತ್ರೋರಾತ್ರಿ ಗಾಡಿಯಲ್ಲಿ ಹೆಣ ಸಾಗಿಸಿ ಸುಡಿಸಿದಳು. ಆಮೇಲೆ ಕುಂದಾಪುರದ ದಾರಿ ಹಿಡಿದಳು. ಇಷ್ಟೆ. ಇತ್ತ ಅಗ್ರಹಾರ ಮಾತ್ರ ಆಗಲೇ ಬೂದಿಯಾಗಿರುವ ಹೆಣದ ಸಂಸ್ಕಾರದ ಬಗ್ಗೆ ಚರ್ಚೆ ಮುಂದುವರಿಸಿದೆ. ಶಾಸ್ತ್ರ ಓದಿದವರ ಊರಿನಲ್ಲಿ ಆ ಹೊತ್ತಿನ ಕೆಲಸವನ್ನು ಮಾಡಿ ಮುಗಿಸಿದವರು ಒಬ್ಬ ಸೂಳೆ ಎನಿಸಿಕೊಂಡವಳು, ಒಬ್ಬ ಮೀನಿನ ವ್ಯಾಪಾರಿ. ಅನಂತಮೂರ್ತಿ ಅವಳನ್ನು ಇಷ್ಟು ಬೇಗ ಕಥೆಯಿಂದ ಕಳಿಸಿಬಿಟ್ಟರಲ್ಲ ಎಂದು ನನಗೆ ಇಂದಿಗೂ ಮುನಿಸಿದೆ. ಹೆಣವನ್ನು ಪ್ರಶ್ನೆಯಾಗಿ ಕಂಡವರಿಗೆ ಇಡೀ ಕಾದಂಬರಿ ಸಿಕ್ಕಿತು. ಹೆಣವಾಗಿ ಕಂಡವಳಿಗೆ ಸಿಕ್ಕಿದ್ದು ಕೆಲವೇ ಪುಟ.

ಭೈರಪ್ಪನವರ ‘ಗೃಹಭಂಗ’ ಬಂದದ್ದು 1970ರಲ್ಲಿ. ಅಲ್ಲಿಯೂ ಪ್ಲೇಗು. ನಂಜಮ್ಮ ಶಾನುಭೋಗನ ಹೆಂಡತಿ. ಗಂಡ ಚೆನ್ನಿಗರಾಯನಿಗೆ ಊಟದ ಹೊರತು ಬೇರೆ ಧ್ಯಾಸವಿಲ್ಲ, ಅತ್ತೆ ಗಂಗಮ್ಮನ ಬಾಯಿ ಊರಿಗೇ ಹೆಸರು. ಶಾನುಭೋಗಿಕೆಯ ಲೆಕ್ಕವನ್ನು ಬರೆಯುವವಳು ನಂಜಮ್ಮ, ಮುತ್ತುಗದೆಲೆ ಹಚ್ಚಿ ಸಂಸಾರ ತೂಗಿಸುವವಳೂ ಅವಳೇ. ಮಗಳು ಪಾರ್ವತಿಗೆ ಮದುವೆಯಾಗಿದೆ, ರಾಮಣ್ಣ ಓದುತ್ತಿದ್ದಾನೆ. ಇಬ್ಬರನ್ನೂ ಪ್ಲೇಗು ಒಟ್ಟಿಗೇ ಎನ್ನುವಷ್ಟು ಹತ್ತಿರ ಹತ್ತಿರದಲ್ಲಿ ಎಳೆದುಕೊಂಡು ಹೋಗುತ್ತದೆ. ಆ ಪುಟಗಳನ್ನು ನಾನು ಎರಡನೆಯ ಸಲ ಓದಲು ಧೈರ್ಯ ಮಾಡಿದ್ದು ಹತ್ತು ವರ್ಷದ ಮೇಲೆ. ಅಲ್ಲಿ ಗುಣವಾಚಕಗಳೇ ಇಲ್ಲ ಎನ್ನಬಹುದು. ಜ್ವರ ಬಂತು, ಗೆಡ್ಡೆ ಕಟ್ಟಿತು, ಸತ್ತರು. ಲೇಖಕರ ಸ್ವಂತ ಮನೆಯಲ್ಲೂ ಪ್ಲೇಗು ತಾಯಿಯನ್ನೂ ಒಡಹುಟ್ಟಿದವರನ್ನೂ ಕೊಂಡೊಯ್ದಿತ್ತು. ಕಂಡವರು ಬಣ್ಣ ಹಚ್ಚುವುದಿಲ್ಲ ಎನ್ನಿಸುತ್ತದೆ.

ನಂಜಮ್ಮನ ಮುಂದೆ ಉಳಿದದ್ದು ಕಿರಿಯ ಮಗ ವಿಶ್ವ, ಮತ್ತೆ ಕೆಲಸ. ಸರ್ಕಾರದ ಲೆಕ್ಕ ಯಾರ ಮನೆಯ ಸೂತಕಕ್ಕೂ ಕಾಯುವುದಿಲ್ಲ. ಅವಳು ಮತ್ತೆ ಎದ್ದು ನಿಲ್ಲುವುದನ್ನು ಕೆಲವರು ತ್ಯಾಗ ಎನ್ನುತ್ತಾರೆ, ಭಾರತೀಯ ನಾರಿಯ ಸಹನೆ ಎನ್ನುತ್ತಾರೆ. ನನಗೆ ಈ ಮಾತು ಹಿಡಿಸುವುದಿಲ್ಲ. ಸಹನೆ ಎಂಬುದು ಬೇರೆ ದಾರಿ ಇದ್ದವರ ಗುಣ. ಅವಳಿಗೆ ಇದ್ದದ್ದು ಮರುದಿನದ ಹಿಟ್ಟು. ಕೊನೆಗೆ ಪ್ಲೇಗು ಅವಳನ್ನೂ ಬಿಡಲಿಲ್ಲ. ಅಪ್ಪ ಬದುಕಿದ್ದರೂ ತಬ್ಬಲಿಯಾದ ವಿಶ್ವ, ಊರ ಗುಡಿಯಲ್ಲಿದ್ದ ಮಾದೇವಯ್ಯನವರ ಜೊತೆ ಹಳ್ಳಿ ಬಿಟ್ಟು ನಡೆಯುತ್ತಾನೆ. ‘ಮುಂದೆ ಬಂದರೆ ಹಾಯದಿರಿ’ ಎಂದು ಹೇಳಿಹೋಗಲು ನಂಜಮ್ಮನಿಗೆ ದೊಡ್ಡಿಯಲ್ಲಿ ಯಾರಿದ್ದರು?

ಬೇಂದ್ರೆಯವರ ಒಂದು ಪದ್ಯವನ್ನು ಮುಟ್ಟದೆ ಹೋದರೆ ಧಾರವಾಡದ ಕೇಳುಗರು ನನ್ನನ್ನು ಕ್ಷಮಿಸಲಾರರು. ‘ನೀ ಹೀಂಗ ನೋಡಬ್ಯಾಡ ನನ್ನ.’ ಮಗು ತೀರಿಕೊಂಡ ಹೊತ್ತಿನಲ್ಲಿ ಹೆಂಡತಿಯ ಕಣ್ಣನ್ನು ಎದುರಿಸಲಾಗದ ಗಂಡನ ಮಾತು. ಹಗಲಿನ ಆಕಾಶದಲ್ಲಿ ಹುಣ್ಣಿಮೆ ಚಂದಿರನ ಹೆಣ ತೇಲಿ ಬಂತು ಎನ್ನುವ ಸಾಲು ಎಲ್ಲರಿಗೂ ನೆನಪಿರುತ್ತದೆ. ನನಗೆ ಅದಕ್ಕಿಂತ ಹೆಚ್ಚು ಕಾಡುವುದು ‘ನಕ್ಯಾಕ ಮರಸತಿ ದುಕ್ಕ’ ಎಂಬ ಸಣ್ಣ ಮಾತು. ಅತ್ತರೆ ಅತ್ತುಬಿಡು, ನಕ್ಕು ಯಾಕೆ ಮರೆಸುತ್ತೀ ಎಂದು ಕೇಳುತ್ತಾನೆ. ಪದ್ಯದಲ್ಲಿ ಹೆಂಡತಿ ಒಂದು ಮಾತನ್ನೂ ಆಡುವುದಿಲ್ಲ. ಅವಳು ನೋಡುತ್ತಾಳೆ, ತುಟಿ ಕಚ್ಚಿ ಬಿಕ್ಕು ಹಿಡಿಯುತ್ತಾಳೆ. ಬಾಯಿ ಇರುವವನು ಕವಿ. ಆದರೆ ಹಾಡು ಮುಗಿದಾಗ ನಮಗೆ ಚೆನ್ನಾಗಿ ಗುರುತಾಗಿರುವವಳು ಆ ಮಾತಾಡದ ಹೆಂಗಸು.

ನಮ್ಮ ಅಜ್ಜಿಯ ವಿಷಯ ಅರ್ಧಕ್ಕೇ ಬಿಟ್ಟಿದ್ದೆ.

ಆ ದಿನ ಚಿಕ್ಕಪ್ಪ ಹೋಗಿ ಎಮ್ಮೆ ಕರೆಯಲು ಕುಳಿತರು. ಅದು ಹಾಲು ಬಿಡಲಿಲ್ಲ. ಎತ್ತಿ ಹಿಡಿದುಕೊಂಡು ನಿಂತಿತ್ತು. ದಿನವೂ ಅದನ್ನು ಕರೆಯುತ್ತಿದ್ದವರು ಅಜ್ಜ. ಬೇರೆ ಕೈ ತಾಗಿದರೆ ಕಾಲೆತ್ತುತ್ತಿತ್ತು. ಮರುದಿನವೂ ಹಾಗೆಯೇ. ಕೆಚ್ಚಲು ಬಿಗಿದು ನೋವಿಗೆ ಎಮ್ಮೆ ರಾತ್ರಿಯೆಲ್ಲ ಒದರಿತು. ಮೂರನೆಯ ದಿನ ನಸುಕಿನಲ್ಲಿ ಅಜ್ಜಿ, ಯಾರಿಗೂ ಹೇಳದೆ, ಗಳುವಿನ ಮೇಲಿದ್ದ ಅಜ್ಜನ ಹಳೆಯ ಕಂಬಳಿಯನ್ನು ತೆಗೆದು ತಲೆಯ ಮೇಲಿಂದ ಹೊದ್ದುಕೊಂಡು ಕೊಟ್ಟಿಗೆಗೆ ಹೋದರು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಎಮ್ಮೆ ತಿರುಗಿ ಕಂಬಳಿಯನ್ನು ಮೂಸಿತು. ಬಹಳ ಹೊತ್ತು ಮೂಸಿತು. ಅಜ್ಜಿ ಅದರ ಹೊಟ್ಟೆಗೆ ಹಣೆ ಒತ್ತಿ ಕುಳಿತಿದ್ದರು, ಮುಖ ಕಾಣುತ್ತಿರಲಿಲ್ಲ. ಆಮೇಲೆ ಚೊಂಬಿನ ತಳಕ್ಕೆ ಹಾಲು ಬೀಳುವ ಸದ್ದು ಕೇಳಿಸಿತು.

ನಮಸ್ಕಾರ.